ಬಿಡಾರ ಮತ್ತು ಮನೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಎರಡೇ ಕಷ್ಟಗಳನ್ನು ಎಣಿಸಿದರು. ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಪರನಾಡಿನ ಗುರುತಿಲ್ಲದ ನಗರಕ್ಕೆ ಹೋಗಿ, ಅಲ್ಲಿ ಯಾವ ಭಾಗದಲ್ಲಿ ಸಂಸಾರ ಹೂಡಬೇಕೆಂದು ನಿರ್ಣಯಿಸುವ ಮೂರನೆಯ ಕಷ್ಟವು ಅವರ ಲೆಕ್ಕದಲ್ಲಿ ಬಂದಿಲ್ಲ. ನಮ್ಮ ಜತ್ತ ತಾಲೂಕಿನಲ್ಲಿ ಈ ಕಷ್ಟವು ಪ್ರತಿವರ್ಷ ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಮಗುವಿನ ದಾಖಲೆಯನ್ನು ತೆಗೆದುಕೊಳ್ಳಲು ಬಂದ ತಂದೆಯು ಸಹಿ ಮಾಡುವದಕ್ಕಿಂತ ಮೊದಲು ಒಂದು ಮಾತು ಕೇಳಿಯೇ ಕೇಳುತ್ತಾನೆ.

ಈ ಸಲ ಕೇಳಿದವನು ಒಬ್ಬ ಗೌಂಡಿ. ಫರಶಿ ಕೂಡಿಸುವದರಲ್ಲಿ ನಿಪುಣ. ಹೈದರಾಬಾದಿನಲ್ಲಿ ಅವನಿಗೆ ವರ್ಷವಿಡೀ ಕೆಲಸ ದೊರೆತಿತ್ತು. “ಗುರುಗಳ, ಎರಡ ಕಡೆ ಖೋಲಿ ನೋಡಿ ಬಂದೇನ್ರಿ. ಒಂದು ಕೆಲಸಕ್ಕ ಹತ್ತರ ಅದ, ಇನ್ನೊಂದು ಬಾಡಿಗಿ ಕಡಿಮಿ ಅದ. ಎಲ್ಲೆ ಹಿಡೀಲಿ?” ಎಂದು ಕೇಳಿದನು. ನಾನು ಕೂಡಲೇ ಉತ್ತರ ಕೊಡಲಿಲ್ಲ. ಕೆಲವು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ನಾನು ಕೂಡಲೇ ಉತ್ತರ ಕೊಟ್ಟಿದ್ದೆ. “ಕೆಲಸಕ್ಕೆ ಹತ್ತಿರವಿರುವದೇ ಒಳ್ಳೆಯದು, ಹೋಗಿಬರುವ ಖರ್ಚು ಉಳಿಯುತ್ತದೆ” ಎಂದು ದೊಡ್ಡ ವ್ಯವಹಾರಸ್ಥನಂತೆ ಹೇಳಿ ಕಳುಹಿಸಿದ್ದೆ. ಆ ಮನೆಯ ಹುಡುಗಿ ನಮ್ಮಲ್ಲಿ ಮೂರನೆಯ ಇಯತ್ತೆಯ ಪಾಠವನ್ನು ತಡೆಯಿಲ್ಲದೆ ಓದುತ್ತಿದ್ದಳು. ಎರಡು ವರ್ಷದ ಮೇಲೆ ಅವಳು ತಿರುಗಿ ಬಂದಾಗ ಎರಡನೆಯ ಇಯತ್ತೆಯ ಪುಸ್ತಕದಲ್ಲಿಯೂ ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಿದ್ದಳು. ಹೋದ ಊರಿನ ಭಾಷೆ ಅವಳಿಗೆ ಬಂದಿರಲಿಲ್ಲ. ತಂದೆಯ ಖೋಲಿಯ ಸುತ್ತ ಅವಳು ಕಲಿಯಬಹುದಾದ ಶಾಲೆಯೇ ಇರಲಿಲ್ಲ. ಖೋಲಿಯು ಕೆಲಸಕ್ಕೆ ಮಾತ್ರ ಹತ್ತಿರವಿತ್ತು. ಅಂದಿನಿಂದ ಈ ವಿಷಯವನ್ನು ನಾನು ಇತಿಹಾಸದ ಪುಸ್ತಕಗಳಲ್ಲಿ ಹುಡುಕತೊಡಗಿದೆನು. ನಮಗಿಂತ ಮುಂಚೆ ಪರನಾಡಿಗೆ ಹೋದ ಕನ್ನಡ ಸಂಸಾರಗಳು ಎಲ್ಲಿ ಮನೆ ಹಿಡಿದವು, ಏಕೆ ಅಲ್ಲಿಯೇ ಹಿಡಿದವು, ಎಂದು.

ಊರು ಬಿಡುವದು ನಮ್ಮ ನೆಲಕ್ಕೆ ಹೊಸದಲ್ಲ. ಜತ್ತವು ಡಫಳೆ ಮನೆತನದ ಸಂಸ್ಥಾನವಾಗಿದ್ದ ಕಾಲದಲ್ಲಿ, ಡಫಳಾಪುರವನ್ನು ಕೂಡಿಸಿ ಅದರ ವಿಸ್ತಾರ ಸುಮಾರು 980 ಚದರ ಮೈಲು ಇತ್ತು. 1901 ರ ಜನಗಣತಿಯಲ್ಲಿ ಅಷ್ಟು ದೊಡ್ಡ ನೆಲದಲ್ಲಿ ಸಿಕ್ಕ ಜನರು 68,665 ಮಾತ್ರ. ಹಿಂದಿನ ಹತ್ತು ವರ್ಷಗಳಲ್ಲಿ ನೂರಕ್ಕೆ 14 ರಷ್ಟು ಜನ ಕಡಿಮೆಯಾಗಿದ್ದರು. ಆ ಹತ್ತು ವರ್ಷಗಳಲ್ಲಿಯೇ 1896–97 ರ ಬರ, 1899–1900 ರ ಬರ ಎಂದು ಎರಡು ಮಹಾಕ್ಷಾಮಗಳು ಬಂದು ಹೋದವು. ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂದು ಆ ಒಂದು ಅಂಕಿ ಬಿಡಿಸಿ ಹೇಳುವದಿಲ್ಲ. ಆದರೆ ಬಾಗಿಲಿಗೆ ಮುಳ್ಳು ಬಡಿದು ಹೋದ ಮನೆಗಳು ಊರೂರಿಗೆ ಇದ್ದಿರಬೇಕೆಂದು ಅದನ್ನು ಓದಿದವರಿಗೆ ತಿಳಿಯುತ್ತದೆ.

ಇಂದಿಗೂ ದೀಪಾವಳಿಯ ಸುಮಾರಿಗೆ ನಮ್ಮ ಭಾಗದ ಕುಟುಂಬಗಳು ಕಬ್ಬು ಕಡಿಯುವ ಟೋಳಿಗಳಲ್ಲಿ ಸೇರಿ ಮುಕಾದಮನ ಹಿಂದೆ ಸಕ್ಕರೆ ಕಾರಖಾನೆಗಳ ಕಡೆಗೆ ಹೋಗುತ್ತವೆ. ಹಂಗಾಮು ಮುಗಿಯುವವರೆಗೆ ಅವರು ಕಬ್ಬಿನ ಹೊಲದ ಹತ್ತಿರ ಗುಡಿಸಲಲ್ಲಿರುತ್ತಾರೆ. ಅದು ಬಿಡಾರ. ಬಿಡಾರಕ್ಕೆ ಸೂರು ಬೇಕು, ಒಲೆ ಬೇಕು, ನೀರು ಹತ್ತಿರವಿರಬೇಕು. ಅಲ್ಲಿಗೆ ಅದರ ಬೇಡಿಕೆ ತೀರಿತು. ಮನೆಯ ಬೇಡಿಕೆ ಬೇರೆ. ಮಗುವು ಅಕ್ಷರ ಕಲಿಯುವದಕ್ಕೆ, ಮುದುಕಿಯು ಕಟ್ಟೆಯ ಮೇಲೆ ಕೂತು ಇನ್ನೊಬ್ಬ ಮುದುಕಿಯ ಸಂಗಡ ಮಾತಾಡುವದಕ್ಕೆ, ಹೆಣ್ಣುಮಕ್ಕಳು ಸಂಜೆ ಹೊತ್ತು ಅಂಜದೆ ಹೊರಗೆ ಹೋಗಿ ಬರುವದಕ್ಕೆ ಅನುಕೂಲವಿದ್ದರೆ ಅದು ಮನೆ. ಉಪನಗರಗಳ ಇತಿಹಾಸವನ್ನು ಓದುವಾಗ ಈ ಎರಡು ಶಬ್ದಗಳ ಅಂತರವನ್ನು ನೆನಪಿನಲ್ಲಿಟ್ಟರೆ ಬಹಳಷ್ಟು ಸಂಗತಿಗಳು ಸ್ಪಷ್ಟವಾಗುತ್ತವೆ.

ಊರಿನ ಹೊರಗೆ ಇನ್ನೊಂದು ಊರನ್ನು ಕಟ್ಟುವ ವಿಚಾರ ಹಳೆಯದು. ಅದರ ಒಂದು ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. ಶಾಲೆಯ ಸಹಲಿನಲ್ಲಿ ವಿಜಾಪುರಕ್ಕೆ ಹೋದ ವಿದ್ಯಾರ್ಥಿಗಳು ಗೋಲಗುಮ್ಮಟವನ್ನು ನೋಡಿ, ಪಿಸುಮಾತಿನ ಪ್ರತಿಧ್ವನಿಯನ್ನು ಕೇಳಿ ಹಿಂದಿರುಗುತ್ತಾರೆ. ಪಟ್ಟಣದ ಪಶ್ಚಿಮಕ್ಕೆ ಸುಮಾರು ನಾಲ್ಕು ಮೈಲು ಹೋದರೆ ತೊರವೆ ಎಂಬ ಗ್ರಾಮವಿದೆ. ತೊರವೆ ರಾಮಾಯಣವನ್ನು ಬರೆದ ಕುಮಾರ ವಾಲ್ಮೀಕಿಯ ಊರು ಅದು. ಅಲ್ಲಿ 1599 ರಲ್ಲಿ ಸಂಗೀತಪ್ರಿಯನಾದ ಎರಡನೆಯ ಇಬ್ರಾಹಿಂ ಆದಿಲಶಹನು ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸತೊಡಗಿದನು. ಅರಮನೆಗಳು, ಸರದಾರರ ಮಹಾಲುಗಳು ಎದ್ದವು. ಆದರೆ ಕೋಟೆಯ ಗೋಡೆ ಪೂರ್ಣವಾಗಲೇ ಇಲ್ಲ. 1624 ರಲ್ಲಿ ಅಹಮದನಗರದ ಮಲಿಕ ಅಂಬರನು ದಂಡೆತ್ತಿ ಬಂದು ಅದನ್ನು ಹಾಳುಗೆಡವಿದನು. ಅದರ ಮೇಲೆ ಆ ನಗರ ಪುನಃ ಏಳಲಿಲ್ಲ; ಇಂದು ಉಳಿದದ್ದು ಸಂಗೀತ ಮಹಲಿನ ಅವಶೇಷ ಮತ್ತು ಕೆಲವು ಗೋಡೆಗಳು. ದಾಳಿಯಾದ ಮೇಲೆ ಹಳೆಯ ವಿಜಾಪುರವು ಉಳಿದುಕೊಂಡಿತು, ನವರಸಪುರ ಉಳಿಯಲಿಲ್ಲ. ಸುಲ್ತಾನನ ಅಪ್ಪಣೆಯಿಂದ ಬಂದ ಸರದಾರರಿಗೆ ಅದು ಚೆಂದದ ಬಿಡಾರವಾಗಿತ್ತೇ ಹೊರತು, ಸುಟ್ಟರೂ ತಿರುಗಿ ಬಂದು ಕಟ್ಟಿಕೊಳ್ಳಬೇಕೆನ್ನುವ ಜನರು ಅಲ್ಲಿ ಬೇರೂರಿರಲಿಲ್ಲವೆಂದು ನನ್ನ ತರ್ಕ.

ಇನ್ನು ನಮ್ಮ ಕಾಲಕ್ಕೆ ಸಮೀಪದ ಸಂಗತಿಗೆ ಬರೋಣ. ಇಂದಿನ ಅರ್ಥದ ಉಪನಗರ, ಎಂದರೆ ಅಗಲವಾದ ರಸ್ತೆ, ಬೆಳಕು ಗಾಳಿ ಬರುವ ಮನೆ, ನಳ, ಮುಚ್ಚಿದ ಗಟಾರ, ಆಟದ ಬಯಲು ಇರುವ ಬಡಾವಣೆಯು ನಮ್ಮ ದೇಶದ ದೊಡ್ಡ ಪಟ್ಟಣಗಳಲ್ಲಿ ಹುಟ್ಟಿದ್ದು ಭಯದಿಂದ. ಆ ಭಯದ ಹೆಸರು ಪ್ಲೇಗು.

1896 ನೇ ಇಸವಿಯ ಸಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಡಾಕ್ಟರ ವಿಯೇಗಸ್ ಎಂಬ ಗೋವೆಯ ಮೂಲದ ವೈದ್ಯರು ಈ ರೋಗವನ್ನು ಮೊದಲು ಗುರುತಿಸಿದರು. ಬಂದರಿನ ಗೋದಾಮುಗಳ ಮಗ್ಗುಲಿಗೆ, ಬೆಳಕು ಕಾಣದ ಕೋಣೆಗಳಲ್ಲಿ ಜನರು ಒಬ್ಬರ ಮೇಲೊಬ್ಬರು ಬಿದ್ದಂತೆ ವಾಸಿಸುತ್ತಿದ್ದ ಭಾಗವದು. ರೋಗ ಹಬ್ಬಿದಂತೆ ಜನರು ಪಟ್ಟಣ ಬಿಟ್ಟು ಓಡಿದರು. 1891 ರಲ್ಲಿ 8,21,764 ಇದ್ದ ಮುಂಬಯಿಯ ಜನಸಂಖ್ಯೆ 1901 ರಲ್ಲಿ 7,76,006 ಕ್ಕೆ ಇಳಿಯಿತು. ಬೆಳೆಯುವದೊಂದೇ ಗೊತ್ತಿದ್ದ ಆ ಪಟ್ಟಣ ಕುಗ್ಗಿದ್ದನ್ನು ಕಂಡು ಸರಕಾರಕ್ಕೂ ವ್ಯಾಪಾರಸ್ಥರಿಗೂ ಚಿಂತೆ ಹತ್ತಿತು. 1898 ರಲ್ಲಿ ಕಾಯಿದೆ ಮಾಡಿ ‘ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್’ ಎಂಬ ಮಂಡಳಿಯನ್ನು ಸ್ಥಾಪಿಸಿದರು. ಈ ಮಂಡಳಿಯು ಇಕ್ಕಟ್ಟಾದ ಓಣಿಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ತೆಗೆಯಿತು. ದಾದರ, ಮಾಟುಂಗ, ವಡಾಳಾ, ಶೀವ ಎಂಬ ಉತ್ತರದ ಹಳ್ಳಿಗಳ ಗದ್ದೆ ತೋಟಗಳನ್ನು ಕೊಂಡು ಪ್ಲಾಟುಗಳನ್ನು ಹಾಕಿತು. ಕೆಡವಿದ ಓಣಿಗಳಿಂದ ಹೊರಬಿದ್ದ ಬಡವರಿಗೆಲ್ಲ ಅದು ಮನೆ ಕಟ್ಟಿಕೊಡಲಿಲ್ಲ. ಅವರಲ್ಲಿ ಅನೇಕರು ಪಕ್ಕದ ಓಣಿಯಲ್ಲಿ ಇನ್ನಷ್ಟು ಇಕ್ಕಟ್ಟಾಗಿ ಸೇರಿಕೊಂಡರು. ಹೊಸ ಉಪನಗರವನ್ನು ಹೊಗಳುವಾಗ ಇದನ್ನು ಮರೆಯಬಾರದು.

1898 ರಲ್ಲಿಯೇ ಪ್ಲೇಗು ಬೆಂಗಳೂರನ್ನು ಮುಟ್ಟಿತು. ಅಲ್ಲಿಯೂ ಹಳೆಯ ಪೇಟೆಯ ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಎಂಬ ಬಡಾವಣೆಗಳು ತುಂಬತೊಡಗಿದವು. ಈ ಎರಡು ಹೆಸರುಗಳನ್ನು ಇಂದು ಬಹಳ ಗೌರವದಿಂದ ಹೇಳುತ್ತೇವೆ. ಅವು ರೋಗಕ್ಕೆ ಹೆದರಿ ಓಡಿದವರ ಆಶ್ರಯಸ್ಥಾನಗಳಾಗಿ ಬೆಳೆದವೆಂಬದು ಅನೇಕರಿಗೆ ತಿಳಿದಿಲ್ಲ. ಆದರೆ ಅವು ಕನ್ನಡನಾಡಿನೊಳಗಿನ ಬಡಾವಣೆಗಳು. ಪರನಾಡಿಗೆ ಹೋದ ಕನ್ನಡಿಗನ ತೊಡಕನ್ನು ತಿಳಿಯಬೇಕಾದರೆ ಮಾಟುಂಗಕ್ಕೆ ಹೋಗಬೇಕು.

ಪ್ಲಾಟು ಹಾಕಿದ ಮಾತ್ರಕ್ಕೆ ಜನರು ಬರಲಿಲ್ಲ. ಟ್ರಸ್ಟಿನ ನಕಾಶೆ ಆಗಿ ಇಪ್ಪತ್ತು ವರ್ಷಗಳಾದರೂ ಮಾಟುಂಗದಲ್ಲಿ ಖಾಲಿ ಜಾಗವೇ ಹೆಚ್ಚಿತ್ತು. ಅದು ದೂರದ ಊರು, ಸಂಜೆಯಾದ ಮೇಲೆ ನಿರ್ಜನ, ಎಂದು ಮುಂಬಯಿಯ ಹಳೆಯ ನಿವಾಸಿಗಳು ಮೂಗು ಮುರಿದರು. ಅವರಿಗೆ ಫೋರ್ಟು, ಗಿರಗಾಂವಗಳೇ ಊರು. ಹೀಗಾಗಿ ಆ ಹೊಸ ಮನೆಗಳಿಗೆ ಮೊದಲು ಬಂದವರಲ್ಲಿ ಹೊರಗಿನವರು, ಅದರಲ್ಲಿಯೂ ದಕ್ಷಿಣದವರು ಬಹಳ. ಹಳೆಯ ಊರಿನಲ್ಲಿ ಅವರಿಗೆ ಬಿಟ್ಟುಕೊಡಬೇಕಾದ ವಾಡೆಯೂ ಇರಲಿಲ್ಲ, ಬಂಧುಬಳಗವೂ ಇರಲಿಲ್ಲ.

ಈ ಹೊರಗಿನವರಲ್ಲಿ ಕನ್ನಡಿಗರು ಯಾರು? ಆಗಿನ ರಾಜಕೀಯ ನಕಾಶೆಯನ್ನು ವಿದ್ಯಾರ್ಥಿಗಳು ಕಣ್ಣ ಮುಂದೆ ತಂದುಕೊಳ್ಳಬೇಕು. ಧಾರವಾಡ, ಬೆಳಗಾಂವಿ, ವಿಜಾಪುರ ಜಿಲ್ಹೆಗಳು ಮುಂಬಯಿ ಇಲಾಖೆಯಲ್ಲಿಯೇ ಇದ್ದವು. ಉತ್ತರ ಕನ್ನಡವು 1862 ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಬಂದಿತ್ತು. ದಕ್ಷಿಣ ಕನ್ನಡವು ಮದ್ರಾಸಿನಲ್ಲಿಯೇ ಉಳಿದಿತ್ತು. ಮೈಸೂರು ಬೇರೆ ಸಂಸ್ಥಾನ. ಆದ್ದರಿಂದ ಧಾರವಾಡದ ಕಾರಕೂನನು ಮುಂಬಯಿಗೆ ಬಂದರೆ ತನ್ನದೇ ಇಲಾಖೆಯ ರಾಜಧಾನಿಗೆ ಬಂದಂತೆ. ಉಡುಪಿಯ ಕಡೆಯವನು ಬಂದರೆ ಪರರಾಜ್ಯಕ್ಕೆ ಬಂದಂತೆ. ಆದರೆ ಮಾತಾಡುವ ಭಾಷೆಯ ದೃಷ್ಟಿಯಿಂದ ನೋಡಿದರೆ ಇಬ್ಬರೂ ಪರನಾಡಿಗೇ ಬಂದವರು.

ಮೊದಲು ಬಂದವರೆಲ್ಲ ಒಬ್ಬೊಂಟಿಗರಾದ ಗಂಡಸರು. ದಕ್ಷಿಣ ಕನ್ನಡದ ಹುಡುಗರು ಹೊಟೇಲುಗಳಲ್ಲಿ ಕಪ್ಪು ತೊಳೆದು, ರಾತ್ರಿ ಅದೇ ಮೇಜುಗಳನ್ನು ಜೋಡಿಸಿ ಮಲಗಿದರು. ಕಾರಕೂನರು ಹತ್ತು ಜನ ಕೂಡಿ ಒಂದು ಖೋಲಿ ಹಿಡಿದು ಖಾನಾವಳಿಯಲ್ಲಿ ಉಂಡರು. ಇವರ ಸಲುವಾಗಿ ಹುಟ್ಟಿದ್ದು ರಾತ್ರಿಯ ಶಾಲೆಗಳು. ಹಗಲು ದುಡಿದು ರಾತ್ರಿ ಕನ್ನಡದಲ್ಲಿ ಓದಿ ಪರೀಕ್ಷೆಗೆ ಕೂತು ಮೇಲೆ ಬಂದವರ ದೊಡ್ಡ ಪರಂಪರೆಯೇ ಮುಂಬಯಿಯಲ್ಲಿದೆ. ನಮ್ಮ ಉಪಾಧ್ಯಾಯ ವರ್ಗವು ಆ ಶಾಲೆಗಳ ಇತಿಹಾಸವನ್ನು ಬೇರೆಯಾಗಿ ಬರೆಯುವದು ಅವಶ್ಯವಿದೆ. ಆದರೆ ಇಲ್ಲಿ ಗಮನಿಸಬೇಕಾದ ಸಂಗತಿ ಒಂದು. ರಾತ್ರಿಯ ಶಾಲೆಯು ಬಿಡಾರದ ಶಾಲೆ. ಅದು ದುಡಿಯುವ ಹುಡುಗನಿಗಾಗಿ ಇರುವದು. ಹಗಲಿನಲ್ಲಿ ಚಿಕ್ಕ ಮಕ್ಕಳು ಪಾಟಿ ಹಿಡಿದು ಹೋಗುವ ಕನ್ನಡ ಶಾಲೆಯು ಬೇಕಾಗುವದು ಸಂಸಾರಗಳು ಬಂದ ಮೇಲೆ. ಅಥವಾ ಹೀಗೆ ಹೇಳಬೇಕು: ಅಂತಹ ಶಾಲೆಯಾಗುವ ಲಕ್ಷಣ ಕಂಡ ಮೇಲೆ ಸಂಸಾರಗಳು ಧೈರ್ಯದಿಂದ ಬಂದವು.

ಸಂಸಾರವನ್ನು ತರುವ ಧೈರ್ಯವನ್ನು ಒಟ್ಟಾಗಿ ಮಾಡಿದವರಲ್ಲಿ ಕನ್ನಡ ಜಿಲ್ಹೆಗಳಿಂದ ಹೋದ ಚಿತ್ರಾಪುರ ಸಾರಸ್ವತರು ಅಗ್ರಗಣ್ಯರು. ಅವರ ಮನೆಮಾತು ಕೊಂಕಣಿ, ನಾಡು ಕನ್ನಡ. ಶ್ರೀಪಾದ ಸುಬ್ಬರಾವ ತಾಲಮಕಿ ಎಂಬವರ ಮುಂದಾಳತನದಲ್ಲಿ 1915 ರಲ್ಲಿ ಅವರು ಮುಂಬಯಿಯ ಗಾಮದೇವಿಯಲ್ಲಿ ಒಂದು ಸಹಕಾರಿ ಗೃಹನಿರ್ಮಾಣ ಸಂಘವನ್ನು ಕಟ್ಟಿದರು. ಇಡೀ ದೇಶದಲ್ಲಿಯೇ ಈ ಬಗೆಯ ಸಂಘಗಳಲ್ಲಿ ಅದು ಮೊದಲಿನದೆಂದು ಪ್ರಸಿದ್ಧಿ. 1905 ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಾಲಕ್ಕಾಗಿ ಸಹಕಾರಿ ಸಂಘವನ್ನು ಸ್ಥಾಪಿಸಿದ್ದು ನಮ್ಮ ವಾಚಕರಿಗೆ ಗೊತ್ತಿದೆ. ಬೀಜಕ್ಕಾಗಿ, ಎತ್ತಿಗಾಗಿ ಕೂಡಿಕೊಳ್ಳುವ ಆ ಉಪಾಯವನ್ನೇ ಹತ್ತು ವರ್ಷದೊಳಗೆ ಪರನಾಡಿನಲ್ಲಿ ಬಾಡಿಗೆಯ ಮನೆಗಾಗಿ ಪ್ರಯೋಗಿಸಿದರು. ಒಬ್ಬ ಕಾರಕೂನನು ಮಾಲಕನ ಎದುರಿಗೆ ನಿಂತು ಮನೆ ಕೇಳುವದು ಬೇರೆ, ನೂರು ಕಾರಕೂನರು ಕೂಡಿ ತಾವೇ ಮಾಲಕರಾಗುವದು ಬೇರೆ.

ಮಾಟುಂಗದಲ್ಲಿ ಎದ್ದ ಮನೆಗಳು ಹೊಸ ತರಹದವು. ಹಳೆಯ ಚಾಳಿನಲ್ಲಿ ಒಂದು ಕುಟುಂಬಕ್ಕೆ ಒಂದು ಖೋಲಿ. ನಳ, ಪಾಯಖಾನೆಗಳು ಇಡೀ ಸಾಲಿಗೆ ಕೂಡಿ. ನಸುಕಿನಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವದು ಹೆಂಗಸರ ಪಾಲಿನ ಕೆಲಸ. ಹೊಸ ಮನೆಗಳಲ್ಲಿ ಬಾಗಿಲು ಹಾಕಿದರೆ ಎಲ್ಲವೂ ಒಳಗೆ: ಅಡಿಗೆಮನೆ, ಬಚ್ಚಲು, ನಳ, ಪಾಯಖಾನೆ ಕೂಡ. ಪಾಯಖಾನೆಯು ಅಡಿಗೆಮನೆಯ ಮಗ್ಗುಲಲ್ಲಿಯೇ ಎಂದರೆ ಮಡಿವಂತರು ಒಪ್ಪುವದು ಹೇಗೆ? ಬಹಳ ಚರ್ಚೆಯಾಯಿತು. ಕೊನೆಗೆ ಒಪ್ಪಿದರು. ಶಾಸ್ತ್ರಗ್ರಂಥಗಳಿಗಿಂತ ಹೆಚ್ಚಾಗಿ ಮನೆಯ ಹೆಂಗಸರೇ ಆ ಒಪ್ಪಿಗೆಯನ್ನು ಕೊಡಿಸಿರಬೇಕೆಂದು ನನಗೆನಿಸುತ್ತದೆ. ಮಳೆಗಾಲದ ರಾತ್ರಿಯಲ್ಲಿ ಮಗುವನ್ನು ಎತ್ತಿಕೊಂಡು ಚಾಳಿನ ತುದಿಯವರೆಗೆ ಹೋಗಿಬರುವ ಕಷ್ಟ ಗೊತ್ತಿದ್ದವರು ಅವರೇ.

ಇನ್ನು ಹೋಗಿಬರುವ ಅನುಕೂಲ. ಮಾಟುಂಗವು ಎರಡು ರೇಲ್ವೆ ಹಾದಿಗಳ ನಡುವೆ ಇದೆ. ಪೂರ್ವಕ್ಕೆ ವಡಾಳಾದ ಮೇಲೆ ಬಂದರದ ಕಡೆಯ ಮೂರನೆಯ ಹಾದಿಯು 1910 ರಲ್ಲಿ ಆಯಿತು. 1925 ರ ಫೆಬ್ರುವರಿ 3 ರಂದು ಬೋರಿಬಂದರದಿಂದ ಕುರ್ಲೆಯವರೆಗೆ ದೇಶದ ಮೊದಲನೆಯ ವಿದ್ಯುತ್ ರೈಲು ಓಡಿದ್ದು ಇದೇ ಮೂರನೆಯ ಹಾದಿಯ ಮೇಲೆ. ಫೋರ್ಟಿನ ಕಚೇರಿಗಳಿಗೆ ಮುಂಜಾನೆ ಹೋಗಿ ಸಂಜೆ ಬರುವದು ಸಾಧ್ಯವಾದ ಮೇಲೆ ದೂರದ ಊರು ದೂರವಾಗಿ ಉಳಿಯಲಿಲ್ಲ. ನಮ್ಮ ಕಡೆಗೂ ‘ಜತ್ತ ರೋಡ್’ ಎಂಬ ಸ್ಟೇಶನ್ನು ಇದೆ. ಅಲ್ಲಿ ಇಳಿದವನು ಜತ್ತಕ್ಕೆ ಬಂದು ಮುಟ್ಟಬೇಕಾದರೆ ಮತ್ತೊಂದು ಪ್ರವಾಸ ಮಾಡಬೇಕು. ಹೆಸರಿಗೆ ಸ್ಟೇಶನ್ನು ಇರುವದಕ್ಕೂ ಮನೆಯಿಂದ ನಡೆದು ಮುಟ್ಟುವ ಸ್ಟೇಶನ್ನು ಇರುವದಕ್ಕೂ ಇರುವ ಅಂತರವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ನಳವೂ ರೈಲೂ ಮುಂಬಯಿಯ ಬೇರೆ ಹೊಸ ಭಾಗಗಳಲ್ಲಿಯೂ ಇದ್ದವು. ದಕ್ಷಿಣದವರು ಮಾಟುಂಗ, ವಡಾಳಾಗಳಲ್ಲಿಯೇ ಕೂಡಿಕೊಂಡದ್ದು ಏಕೆ? ಒಂದು ಸಂಸಾರ ಬಂದದ್ದಕ್ಕೆ ಇನ್ನೊಂದು ಬಂದಿತು, ಎರಡು ಬಂದದ್ದಕ್ಕೆ ಅಂಗಡಿ ಬಂದಿತು, ದೇವಸ್ಥಾನ ಬಂದಿತು. 1926 ರಲ್ಲಿ ಮೈಸೂರು ಅಸೋಸಿಯೇಶನ್ ಹುಟ್ಟಿತು. ಮುಂದೆ ಮಾಟುಂಗವೇ ಅದರ ನೆಲೆಯಾಯಿತು. 1932 ರಲ್ಲಿ ಸೌತ್ ಇಂಡಿಯನ್ ಎಜುಕೇಶನ್ ಸೊಸಾಯಟಿ, 1933 ರಲ್ಲಿ ಕರ್ನಾಟಕ ಸಂಘ. 1942 ರಲ್ಲಿ ಮಾಟುಂಗ ಸ್ಟೇಶನ್ನಿನ ಎದುರಿಗೆ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗು ಪ್ರಾರಂಭವಾಗಿ ಬಾಳೆಯ ಎಲೆಯ ಊಟ ಸಿಗತೊಡಗಿತು. ತಮಿಳರೇ ಅಲ್ಲಿ ಹೆಚ್ಚು ಸಂಖ್ಯೆಯಲ್ಲಿದ್ದರು, ಕನ್ನಡಿಗರು ಕಡಿಮೆ. ಹಾಗಿದ್ದರೂ ವಡಾಳಾದಲ್ಲಿ 1939 ರಲ್ಲಿ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸಾಯಟಿಯು ಹುಟ್ಟಿ ಕನ್ನಡ ಮಕ್ಕಳಿಗೆ ಹಗಲಿನ ಶಾಲೆಯನ್ನು ನಡೆಸಿತು. ಮುಂಬಯಿ ಮಹಾನಗರಪಾಲಿಕೆಯು ಮರಾಠಿ, ಗುಜರಾತಿ, ಹಿಂದಿ, ಉರ್ದು, ಇಂಗ್ಲಿಷುಗಳ ಸಂಗಡ ತಮಿಳು, ತೆಲುಗು, ಕನ್ನಡಗಳಲ್ಲಿಯೂ ಪ್ರಾಥಮಿಕ ಶಾಲೆಗಳನ್ನು ತೆರೆಯಿತು. ಪರನಾಡಿನ ಪಾಲಿಕೆಯೊಂದು ನಮ್ಮ ಭಾಷೆಯ ಮಕ್ಕಳಿಗೆ ಸಂಬಳ ಕೊಟ್ಟು ಶಿಕ್ಷಕರನ್ನು ನೇಮಿಸಿದ್ದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಕನ್ನಡ ಸಂಸಾರವು ಬಿಡಾರವನ್ನು ಬಿಟ್ಟು ಮನೆಯನ್ನು ಹೂಡಿದ್ದು ಇಲ್ಲಿ. ಟ್ರಸ್ಟು ನೆಲವನ್ನು ಸಮ ಮಾಡಿತು, ಮಾಲಕನು ಗೋಡೆ ಕಟ್ಟಿಸಿದನು, ರೈಲು ಹತ್ತಿರ ತಂದಿತು. ಇವಿಷ್ಟೂ ಬಾಡಿಗೆಗೆ ಸಿಗುವ ವಸ್ತುಗಳು. ಶಾಲೆಯನ್ನು, ಸಂಘವನ್ನು ಯಾರೂ ಬಾಡಿಗೆಗೆ ಕೊಡಲಿಲ್ಲ. ಸಂಜೆ ಕಚೇರಿಯಿಂದ ಬಂದವರು ಮನೆಮನೆಗೆ ತಿರುಗಿ ವರ್ಗಣಿ ಎತ್ತಿ ಕಟ್ಟಿಕೊಂಡರು.

ಇಲ್ಲಿ ಒಂದು ಅಪ್ರಿಯವಾದ ಮಾತನ್ನೂ ಹೇಳಬೇಕಾಗಿದೆ. ಒಂದು ಸಂಸಾರಕ್ಕೆ ಅನುಕೂಲವಾದ ಬಡಾವಣೆಯ ಬಾಗಿಲು ಇನ್ನೊಂದು ಸಂಸಾರಕ್ಕೆ ಮುಚ್ಚಿರುತ್ತಿತ್ತು. ದಾದರದಲ್ಲಿ ಪಾರಶಿ ಕಾಲನಿ, ಹಿಂದೂ ಕಾಲನಿ ಎಂದು ವಸತಿಗಳು ಬೇರೆ ಬೇರೆಯಾಗಿ ಬೆಳೆದವು. ಬಸವನಗುಡಿಯ ಮೊದಲಿನ ನಕಾಶೆಯಲ್ಲಿಯೂ ಜಾತಿಗಳಿಗೆ ಬೇರೆ ಬೇರೆ ಭಾಗಗಳಿದ್ದವು. ‘ನಮ್ಮವರು ಇರುವ ಓಣಿ’ ಎಂದು ನಾವು ಸಮಾಧಾನದಿಂದ ಹೇಳುವಾಗ, ಆ ‘ನಮ್ಮವರು’ ಎಂಬ ಶಬ್ದದ ಹೊರಗೆ ನಿಂತ ಕನ್ನಡಿಗನೂ ಒಬ್ಬನಿರುತ್ತಾನೆ. ಅವನ ಮಗುವಿನ ಮಾತೂ ಕನ್ನಡವೇ. ರಾತ್ರಿಯ ಶಾಲೆಯ ಬೆಂಚಿನ ಮೇಲೆ ಕೂಡಿ ಕೂತವರಿಗೆ ಬಾಡಿಗೆಯ ಮನೆ ಹುಡುಕುವಾಗ ಕೂಡಿ ನಡೆಯುವದು ಸಾಧ್ಯವಾಗಲಿಲ್ಲ.

ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸುವೆ. 1947 ರ ಬಾಡಿಗೆ ನಿಯಂತ್ರಣ ಕಾಯಿದೆಯಿಂದ ಹಳೆಯ ಬಾಡಿಗೆಗಳು ಇದ್ದಲ್ಲಿಯೇ ನಿಂತವು. ಹೊಸದಾಗಿ ಬಂದವನು ‘ಪಗಡಿ’ ಎಂಬ ದೊಡ್ಡ ಮೊತ್ತವನ್ನು ಕೊಡದೆ ಮಾಟುಂಗದಲ್ಲಿ ಕಾಲಿಡುವದು ಅಶಕ್ಯವಾಯಿತು. ಎರಡನೆಯ ಪೀಳಿಗೆಯವರು ರೈಲು ಹಾದಿಯನ್ನು ಹಿಡಿದು ಘಾಟಕೋಪರ, ಭಾಂಡುಪ, ಗೋರೆಗಾಂವ, ಡೊಂಬಿವಲಿಗಳಿಗೆ ಹೋದರು. ಹೋದಲ್ಲಿ ಮತ್ತೆ ಅದೇ ಕೆಲಸ: ಸಂಘ, ವರ್ಗಣಿ, ಶಾಲೆ. ಡೊಂಬಿವಲಿಯ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯವು ಹೀಗೆ ಹುಟ್ಟಿದ್ದು. ಆದರೆ ಮೂರನೆಯ ಪೀಳಿಗೆಗೆ ಬರುವಾಗ ಮನೆಯವರೇ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸಿದರು. ಹಲವು ಕನ್ನಡ ಶಾಲೆಗಳು ಮಕ್ಕಳಿಲ್ಲದೆ ಮುಚ್ಚಿದವು. ಶಾಲೆಗಾಗಿ ಓಣಿಯನ್ನು ಆರಿಸಿದವರ ಮೊಮ್ಮಕ್ಕಳು ಆ ಶಾಲೆಯ ಮುಂದಿನಿಂದಲೇ ಬಸ್ಸಿನಲ್ಲಿ ಕೂತು ಬೇರೆ ಶಾಲೆಗೆ ಹೋದರು. ಅವರನ್ನು ದೂಷಿಸುವ ಅಧಿಕಾರ ನನಗಿಲ್ಲ. ನಮ್ಮ ಊರುಗಳಲ್ಲಿಯೂ ಅದೇ ಬಸ್ಸು ಬರತೊಡಗಿದೆ.

ಈ ನಡುವೆ 1956 ರ ನವೆಂಬರ 1 ಬಂದು ಹೋಯಿತು. ಧಾರವಾಡ, ವಿಜಾಪುರಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹಿಂದಿನ ರಾತ್ರಿ ತನ್ನ ರಾಜ್ಯದ ರಾಜಧಾನಿಯಲ್ಲಿ ಮಲಗಿದ್ದ ಧಾರವಾಡದ ಕಾರಕೂನನು ಮರುದಿನ ಅದೇ ಹಾಸಿಗೆಯಲ್ಲಿ ಎದ್ದಾಗ ಪರರಾಜ್ಯದವನಾಗಿದ್ದನು. ಹೈದರಾಬಾದಿನಲ್ಲಿದ್ದ ಕಲಬುರ್ಗಿ, ರಾಯಚೂರ, ಬೀದರ ಕಡೆಯ ಕುಟುಂಬಗಳಿಗೂ ಅಂದೇ ಹೀಗಾಯಿತು. ನಮ್ಮದು ಇನ್ನೂ ವಿಚಿತ್ರ. ಜತ್ತ ಸಂಸ್ಥಾನವು ಹಿಂದೆ ವಿಜಾಪುರದ ಕಲೆಕ್ಟರರ ಮೇಲ್ವಿಚಾರಣೆಯಲ್ಲಿತ್ತು. 1948 ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949 ರಲ್ಲಿ ಹುಟ್ಟಿದ ದಕ್ಷಿಣ ಸಾತಾರಾ ಜಿಲ್ಹೆಗೆ ಸೇರಿತು. 1956 ರಲ್ಲಿ ವಿಜಾಪುರವು ಆಚೆಗೆ ಹೋಯಿತು. 1960 ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು, ಜಿಲ್ಹೆಗೆ ಸಾಂಗಲಿಯೆಂದು ಹೆಸರಾಯಿತು. ಉಮದಿ, ಸಂಖ, ಬಿಳೂರುಗಳ ಮನೆಗಳು ಒಂದು ಅಂಗುಲವೂ ಅಲುಗಲಿಲ್ಲ. ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ ನಡೆದು ಬರುವವರು ಇಂದಿಗೂ ಎರಡೂ ಕಡೆಯಿಂದ ಬರುತ್ತಾರೆ. ಮನೆ ಬದಲಿಸದೆಯೇ ರಾಜ್ಯ ಬದಲಾಗುವದನ್ನು ಕಂಡ ನಮಗೆ, ಮಗುವಿನ ಮಾತಿನ ಶಾಲೆಯೊಂದು ನಡೆದು ಹೋಗುವಷ್ಟು ಹತ್ತಿರವಿರುವದರ ಬೆಲೆ ಗೊತ್ತು. ಜಿಲ್ಹಾ ಪರಿಷತ್ತಿನ ಕನ್ನಡ ಶಾಲೆಗಳು ಇಲ್ಲಿ ಇರುವದರಿಂದಲೇ ನನ್ನಂಥವನು ಈ ಲೇಖನವನ್ನು ಬರೆಯುತ್ತಿದ್ದೇನೆ, ನೀವು ಓದುತ್ತಿದ್ದೀರಿ.

ಗೌಂಡಿಗೆ ನಾನು ಹೇಳಿದ್ದು ಇಷ್ಟು. ಎರಡು ಖೋಲಿಗಳಿಗೂ ಸದ್ಯಕ್ಕೆ ಮುಂಗಡ ಕೊಡಬೇಡಿರಿ. ಹೈದರಾಬಾದಿನ ಕಾಚಿಗುಡಾ ಭಾಗದಲ್ಲಿ ಕನ್ನಡಿಗರು ಕಟ್ಟಿದ ನೃಪತುಂಗ ಶಾಲೆಯಿದೆ, ಕರ್ನಾಟಕ ಸಾಹಿತ್ಯ ಮಂದಿರವಿದೆ. ಮೊದಲು ಅಲ್ಲಿಗೆ ಹೋಗಿ ವಿಚಾರಿಸಿರಿ. ಹುಡುಗನಿಗೆ ಅಲ್ಲಿ ಯಾವ ಇಯತ್ತೆಯಲ್ಲಿ ಏನು ಕಲಿಸುತ್ತಾರೆ, ಕನ್ನಡ ಎಷ್ಟಿದೆ, ಹೋಗಿಬರುವ ದಾರಿ ಎಂತಹದು ಎಂದು ಕೇಳಿರಿ. ಆಮೇಲೆ ಆ ಶಾಲೆಯಿಂದ ಹಿಂದಕ್ಕೆ ನಡೆಯುತ್ತ ಮನೆ ಹುಡುಕಿರಿ. ಕೆಲಸವು ವರ್ಷಕ್ಕೊಮ್ಮೆ ಜಾಗ ಬದಲಿಸುವದು. ಮಾಲಕನು ಹೇಳಿದಲ್ಲಿಗೆ ನೀವು ಹೇಗೂ ಹೋಗುವಿರಿ. ಬಾಡಿಗೆ ಹೆಚ್ಚಾದರೆ ಎರಡು ಮನೆಯವರು ಕೂಡಿ ಹಿಡಿಯಿರಿ. ಅಲ್ಲಿ ಶಾಲೆಯ ಅನುಕೂಲ ಆಗಲೇ ಇಲ್ಲವೆಂದಾದರೆ ನನಗೆ ಫೋನು ಮಾಡಿರಿ. ಹುಡುಗನು ಅಜ್ಜಿಯ ಹತ್ತಿರ ಉಳಿದು ಇಲ್ಲಿಯೇ ನಾಲ್ಕನೆಯದನ್ನು ಮುಗಿಸಲಿ.

“ಅವರವ್ವ ಬಿಟ್ಟಿರೂದಿಲ್ರಿ” ಎಂದನು ಅವನು. ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ದಾಖಲೆಯ ನಮೂನೆಯನ್ನು ತೆಗೆದು ಬರೆಯತೊಡಗಿದೆನು. ಹೆಸರು, ಹುಟ್ಟಿದ ದಿನಾಂಕ, ಮಾತೃಭಾಷೆ. ಸಹಿ ಮಾಡಿಸಿಕೊಂಡು ಕೊಟ್ಟೆನು. ತಂದೆ ಮಗ ಇಬ್ಬರೂ ಗೇಟಿನವರೆಗೆ ಹೋಗಿ ತಿರುಗಿ ಬಂದರು. ಆ ಶಾಲೆಯ ಹೆಸರನ್ನು ಇನ್ನೊಮ್ಮೆ ಹೇಳಬೇಕೆಂದು ತಂದೆಯು ಕೇಳಿದನು. ನಾನು ಹೇಳಿದೆನು. ಹುಡುಗನು ದಾಖಲೆಯ ಲಕೋಟೆಯನ್ನು ಗೋಡೆಗೆ ಒತ್ತಿ ಹಿಡಿದು ಅದರ ಮೇಲೆ ಪೆನ್ಸಿಲಿನಿಂದ ಬರೆದುಕೊಂಡನು. ನೃಪತುಂಗದ ವಟ್ರಸುಳಿಯನ್ನು ಸರಿಯಾಗಿ ಹಾಕಿದ್ದನು.